ತೆಂಗಿನಕಾಯಿಯ ಕೆಳಗೆ

ಚಾಮರಾಜನಗರದ ನಿಲ್ದಾಣದಲ್ಲಿ ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಪಿಸುಗುಡುತ್ತಿತ್ತು.

"ರಂಜಿನಿ, ಕಾಂಡೋಮ್ ಪ್ಯಾಕೆಟ್ಟ ಎಲ್ಮಡಗ್ದೆ?"

"ಯಾರ ಕಣ್ಗೂ ಬೀಳ್ದಿರ್ಲಿ ಅಂತ ತಾಂಬೂಲದ ಚೀಲ್ದೊಳಕ್ಕಾಕಿ, ಮೇಲೆ ತೆಂಗಿನ್ಕಾಯಿ ಇಟ್ಟಿದ್ದೆ."

"ಆ ಚೀಲವ ನಿಮ್ಮವ್ವ ನಿನ್ನೆ ಉಮ್ಮತ್ತೂರು ದೊಡ್ಡಮ್ಮಂಗೆ ಕೊಟ್ಬುಟ್ರಲ್ಲಮ್ಮಿ!"

ಅವಳು ನಕ್ಕ ರಭಸಕ್ಕೆ ಬೆಂಚೇ ಅಲುಗಿತು.

"ನಗ್ಬ್ಯಾಡ ಕಣಮ್ಮಿ. ಇವತ್ತೊಂದಿನ ಇಲ್ದಿದ್ರೆ ಏನಾದ್ದು?"

"ಡಾಕ್ಟ್ರಮ್ಮ ಇಬ್ರಿಗೂ ಏನಂದ್ರು? ರಕ್ತ ಪರೀಕ್ಷೆ ರಿಪೋರ್ಟ್ ಬರಗಂಟ ಅದಿಲ್ದೆ ಬ್ಯಾಡ ಅನ್ನಿಲ್ವಾ? ಇಲ್ದಿದ್ರೆ ನೀವು ಮಾವನ್ ಪಕ್ಕ ಮಲೀಕಳಿ."

"ಸರಿ ಬುಡು. ಮೆಡಿಕಲ್ಗೆ ನೀನೇ ಓಗು."

"ನಾನಾ? ನಾಚ್ಕೆ ಆಯ್ತದೆ, ನೀವೇ ಓಗಿ!"

ಅವಳ ಫೋನ್ ಹೊಡೆದುಕೊಂಡಿತು. ಕೇಳಿಸಿಕೊಂಡವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ದೊಡ್ಡಮ್ಮ ಕಣ್ರೀ. ಚೀಲ ಬಿಚ್ಚಿ ನೋಡುದ್ರಂತೆ. ನಿಮ್ಗೇ ಬೇಕಾಯ್ತದೆ ಅಂತ ಕಂಡಕ್ಟರ್ ಕೈಲಿ ವಾಪಸ್ ಕಳ್ಸವ್ರಂತೆ."

ಅಷ್ಟರಲ್ಲಿ ಉಮ್ಮತ್ತೂರಿನ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಕೆಂಪು ಚೀಲವನ್ನು ಎತ್ತಿ ಹಿಡಿದು, ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದ:

"ಹೊಸ ಗಂಡ ಹೆಂಡ್ತಿ ಯಾರ್ರಪ್ಪಾ? ದೊಡ್ಡಮ್ಮ ಅರ್ಜೆಂಟು ಅಂತ ಕೊಟ್ಟವ್ರೆ!"

ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತಾ ಇಬ್ಬರೂ ಓಡಿದರು.