ಇನ್ನೊಂಚೂರು ಮೇಲೆ

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಶೃಂಗೇರಿ ಬಸ್ಸಿಗೆ ಕಾದು ಕೂತಿದ್ದ ತುಂಗಮ್ಮನ ಪಕ್ಕಕ್ಕೇ ಕಾಲೇಜಿನ ಹುಡುಗಿಯರಿಬ್ಬರು ಬಂದು ಕೂತರು. ಬೇಡವೆಂದರೂ ಅವರ ಮಾತು ಕಿವಿಗೆ ಬಿತ್ತು.

"ನಿನ್ನೆ ಕಮ್ಮರಡಿ ಬಸ್ಸಲ್ಲಿ ಹಿಂದಿಂದ ಒಬ್ಬ ನನ್ನ ಕೈ ಹಿಡ್ಕಂಡ ಮಾರಾಯ್ತಿ."

"ಅಯ್ಯೋ ಮೆಹ್ನಾಜ್! ಕರಾಟೆ ಮಿಸ್ ಹೇಳಿಕೊಟ್ಟಿದ್ದು ಮಾಡ್ಬೇಕಿತ್ತಲ್ಲೇ? ಹೆಬ್ಬೆರಳಿನ ಸಂದಿ ಒತ್ತಿದ್ರೆ ಎಂಥವ್ನೂ ಬಿಡ್ತಾನೆ."

"ಒತ್ತಿದೆ. ಬಿಡ್ಲಿಲ್ಲ."

"ಸರಿಯಾಗಿ ಒತ್ತಿಲ್ಲ ನೀನು."

"ಅವ್ನೂ ಅದನ್ನೇ ಹೇಳ್ದ ಶಾಂಭವಿ."

"ಎಂತ?"

"ಕಿವಿ ಹತ್ರ ಬಗ್ಗಿ, 'ಅಲ್ಲಲ್ಲ, ಇನ್ನೊಂಚೂರು ಮೇಲೆ' ಅಂದ. ಥೇಟ್ ಮಿಸ್ ಹೇಳೋ ಹಾಗೇ. ಮೇಲೆ ಒತ್ತಿದೆ. ಆಗ ಬಿಟ್ಟ."

"ಕ್ಲಾಸಲ್ಲಿ ನಾವು ಹುಡುಗೀರು ಬಿಟ್ರೆ ಯಾರೂ ಇರ್ಲಿಲ್ಲ. ಬಾಗ್ಲೂ ಹಾಕಿತ್ತು."

"ಅದೇ ಹೆದ್ರಿಕೆ ನಂಗೆ."

"ಮುಖ ನೋಡಿದ್ಯಾ?"

"ತಿರುಗಿ ನೋಡೋವಾಗ ಎಲ್ಲಾರೂ ಸುಮ್ನೆ ಕಿಟಕಿ ಕಡೆ ನೋಡ್ತಾ ಇದ್ರು."

ಅದೇ ಕಮ್ಮರಡಿ ಬಸ್ಸು ಬಂತು. ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹುಡುಗಿಯರು ಹತ್ತಿ ಹೋದರು.

ತುಂಗಮ್ಮ ಸೆರಗಿನೊಳಗೆ, ಯಾರಿಗೂ ಕಾಣದ ಹಾಗೆ, ತನ್ನದೇ ಹೆಬ್ಬೆರಳಿನ ಸಂದಿಯನ್ನು ಮೆಲ್ಲಗೆ ಒತ್ತಿ ನೋಡಿಕೊಂಡಳು.

"ಅಲ್ಲಲ್ಲ," ಎಂದಿತು ಬೆನ್ನ ಹಿಂದಿನ ಬೆಂಚಿನಿಂದ ಒಂದು ಗಂಡುದನಿ, ಬಹಳ ಅಕ್ಕರೆಯಿಂದ. "ಇನ್ನೊಂಚೂರು ಮೇಲೆ, ಅಮ್ಮಾ."