ಬಾಗಿಲಿಗೆ ಬಿದ್ದ ಯೋಗದ ಮ್ಯಾಟು

ಆಟದ ಸಾಮಾನಿನ ಅಂಗಡಿಯಲ್ಲಿ ಡ್ರಿಲ್ ಮೇಷ್ಟ್ರು ವಾಲಿಬಾಲ್ ಕಂಕುಳಲ್ಲಿಟ್ಟುಕೊಂಡು ಬಿಲ್ಲಿನ ಸಾಲಿನಲ್ಲಿ ನಿಂತಿದ್ದರು. ಅವರ ಮುಂದೆ ಗಂಡ ಹೆಂಡತಿ ಯೋಗದ ಮ್ಯಾಟಿಗಾಗಿ ಜಟಾಪಟಿಗಿಳಿದಿದ್ದರು. ಹೆಂಡತಿ ರಬ್ಬರಿನದನ್ನು ಅಪ್ಪಿ ಹಿಡಿದಿದ್ದಳು, ಗಂಡನ ಕೈಯಲ್ಲಿ ಸೆಣಬಿನದಿತ್ತು.

“ಸೆಣಬಿಂದೇ ತಗೋ. ಪ್ಲಾಸ್ಟಿಕ್ ಇಲ್ಲ, ಕಾಲು ಜಾರಲ್ಲ ಅಂತ ಹೋದ ಸಲ ನೀನೇ ಹಾಡಿ ಹೊಗಳಿದ್ದೆ.”

“ಹೊಗಳಿದ್ದೆ. ನಿಮ್ಮಮ್ಮ ಅದನ್ನ ಕತ್ತರಿಸಿ ಅರ್ಧ ಬಾಗಿಲಿಗೆ, ಅರ್ಧ ಬಚ್ಚಲಿಗೆ ಹಾಕಿದ್ರು.”

“ಅಮ್ಮಂಗೇನು ಗೊತ್ತು ಪಾಪ? ನೋಡೋಕೆ ಕಾಲೊರೆಸೋ ಮ್ಯಾಟ್ ಥರಾನೇ ಇತ್ತು.”

“ಅತ್ತೆ ಮೇಲೆ ನಂಗೆ ಕೋಪಾನೇ ಇಲ್ಲ. ಗೊತ್ತಾದ ತಕ್ಷಣ ಎರಡನ್ನೂ ಸೇರಿಸಿ ಹೊಲಿಯೋಕೆ ಕೂತ್ರು.”

“ಮತ್ತೆ ನನ್ನ ಮೇಲ್ಯಾಕೆ ಹಾರಾಡ್ತೀಯ?”

“ನಿಮಗೆ ಗೊತ್ತಿತ್ತಲ್ಲ! ನಾನು ತವರಿಂದ ಬರೋತನಕ ದಿನಾ ಅದರ ಮೇಲೇ ಶೂ ಉಜ್ಜಿದ್ರಲ್ಲ!”

“ಮೆಲ್ಲಗೆ ಮಾತಾಡು. ಹಿಂದೆ ಜನ ಇದ್ದಾರೆ.”

“ಇರ್ಲಿ. ಕೇಳಿಸ್ಕೊಳ್ಲಿ.”

ಮೇಷ್ಟ್ರು ಚೆಂಡಿನ ಗಾಳಿಯನ್ನು ಒತ್ತಿ ನೋಡತೊಡಗಿದರು.

“ರಬ್ಬರು ನಾತ ಹೊಡೆಯುತ್ತೆ ಕಣೇ.”

“ಮರದ ಹಾಲಿನ ರಬ್ಬರು, ನಾಲ್ಕು ದಿನ ಗಾಳಿಗಿಟ್ರೆ ಹೋಗುತ್ತೆ. ಮಂಡಿ ಒತ್ತಲ್ಲ, ಕೈ ಊರಿದ ಕಡೆ ನಿಲ್ಲುತ್ತೆ. ನಂಗೆ ಅಷ್ಟು ಸಾಕು.”

“ಇದೂ ಬಾಗಿಲಿಗೆ ಹೋದ್ರೆ?”

“ಹೋಗ್ಲಿ. ಬಾಗಿಲಲ್ಲೇ ಇದರ ಮೇಲೆ ಶವಾಸನ ಹಾಕ್ತೀನಿ. ನನ್ನ ಮೇಲೇ ಶೂ ಒರೆಸ್ಕೊಂಡು ಒಳಗೆ ಬನ್ನಿ!”

ಗಂಡ ಸೆಣಬಿನದನ್ನು ತೆಪ್ಪಗೆ ಪಕ್ಕಕ್ಕಿಟ್ಟ. ಅವಳು ದುಡ್ಡು ಕೊಟ್ಟು, ರಬ್ಬರಿನ ಸುರುಳಿಯನ್ನು ಹೆಗಲಿಗೇರಿಸಿಕೊಂಡು ದಡದಡನೆ ಹೊರಟಳು. ಹಿಂದೆಯೇ ಓಡಿದ ಗಂಡ, ಅಂಗಡಿಯ ಬಾಗಿಲಲ್ಲಿ ಹಾಸಿದ್ದ ಕಾಲೊರೆಸುವ ಮ್ಯಾಟನ್ನು ಕಂಡು ಗಕ್ಕನೆ ನಿಂತ. ಆಮೇಲೆ ಅದನ್ನು ತುಳಿಯದೆ, ಉದ್ದಕ್ಕೆ ಕಾಲು ಹಾಕಿ ದಾಟಿಹೋದ.