ಕ್ಲಿಫರ್ಡ್‌ಗೊಂದು ಶಿಫಾರಸು

ಸೀಟಿ ಹೊಡೆಯಲು ಬರುವವರು ಬೆರಳು ಬಾಯಿಗಿಡಿ. ಬಾರದವರು ಕುರ್ಚಿ ಬಡಿಯಿರಿ. ನ್ಗಾರಾ ಬಡಾವಣೆಯ ರಾಯ್ಸ್ಟನ್ ಎಂಟ್ರಿ ಕೊಡುತ್ತಿದ್ದಾನೆ! ವಯಸ್ಸು ಇಪ್ಪತ್ತು, ಆದರೆ ಗಂಟಲಲ್ಲಿ ಒಂದು ಊರೇ ವಾಸ: ಬ್ಯಾಂಕ್ ಮ್ಯಾನೇಜರು, ಬಿಷಪ್ಪರ ಸೆಕ್ರೆಟರಿ, ಲಾಟರಿ ಕಂಪನಿಯ ಹುಡುಗಿ. ನೈರೋಬಿಯ ಕನ್ನಡ ಕ್ರೈಸ್ತ ಕೂಟದಲ್ಲಿ ಅವನ ಕರೆಗೆ ಮೋಸಹೋಗದ ಮನೆಯಿಲ್ಲ. ಅವನ ನಂಬರನ್ನು ಬ್ಲಾಕ್ ಮಾಡದ ಮನೆಯೂ ಇಲ್ಲ. ಅಂಥ ಮಹಾನುಭಾವ ಒಂದೇ ಒಂದು ಕರೆಯಲ್ಲಿ ಕೂಟದ ಹಿರಿಯ ಇಗ್ನೇಶಿಯಸ್‌ರ ಬೆವರಿಳಿಸಿ, ಹೊರಟು ನಿಂತ ವ್ಯಾನನ್ನು ತಡೆದ ಕಥೆಯಿದು. ಪೊಲೀಸ್ ಠಾಣೆಯ ಗೇಟಿನ ಬಳಿ ಚಹಾ ಮಾರುವ ಹೆಂಗಸನ್ನು ಗೋಗರೆದು ಅವಳ ಫೋನು ಪಡೆದಿದ್ದಾನೆ. ಗಂಟಲು ಸರಿಮಾಡಿಕೊಂಡು, ಅರವತ್ತು ದಾಟಿದ ಭಕ್ತನೊಬ್ಬನಾಗಿ ಡಯಲ್ ಮಾಡುತ್ತಿದ್ದಾನೆ. ಕಿವಿ ಕೊಡಿ.

"ಹಲೋ... ಯಾರು ಮಾತಾಡ್ತಿರೋದು? ಇಗ್ನೇಶಿಯಸ್ ಅವರೇನಾ? ದೇವರಿಗೆ ಸ್ತೋತ್ರ. ನಾನು ಸಹೋದರ ಚಿದಾನಂದ, ಮೊಂಬಾಸಾದಿಂದ."

……

"ಹಾಂ, ಹಾಂ, ಮೊಂಬಾಸಾದಲ್ಲೂ ಕನ್ನಡದೋರು ಇದೀವಿ ಸಾರ್. ಹೊಸದಾಗಿ ಕೂಟ ಶುರು ಮಾಡಿದೀವಿ. ನಿಮ್ಮದೇ ನಮಗೆ ಮಾದರಿ. ಎರಡು ನಿಮಿಷ ಸಿಗುತ್ತಾ?"

……

"ವ್ಯಾನ್ ಹೊರಡ್ತಾ ಇದೆಯಾ? ಎಲ್ಲಿಗೆ?... ಓಹೋ, ನೈವಾಶಾಕ್ಕೆ. ಹುಡುಗೀರ ಕ್ಯಾಂಪು. ಎರಡು ರಾತ್ರಿ. ಭಲೇ! ಜೊತೆಗೆ ಹೋಗೋರು?... ಕ್ಲಿಫರ್ಡ್ ಒಬ್ಬರೇನಾ? ಡ್ರೈವಿಂಗೂ ಅವರೇನಾ? ನೋಡಿ, ದೈವಸಂಕಲ್ಪ ಅಂದ್ರೆ ಇದು. ನಾನು ಫೋನ್ ಮಾಡಿದ್ದೇ ಅವರ ವಿಷಯಕ್ಕೆ."

……

"ನಮ್ಮಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಮಾಡ್ತಿದೀವಿ ಸಾರ್. ಎಲ್ಲ ಹೈಸ್ಕೂಲು ಹುಡುಗೀರು. ವಾರ್ಡನ್ ಬೇಕು. ಯಾರೋ ಕ್ಲಿಫರ್ಡ್ ಹೆಸರು ಹೇಳಿದ್ರು. ತಾವೊಂದು ಶಿಫಾರಸು ಕೊಟ್ರೆ..."

……

"ಚಿನ್ನನಾ? ಅಪ್ಪಟ ಚಿನ್ನನಾ?... ಹಾಡ್ತಾರೆ, ಗಿಟಾರ್ ನುಡಿಸ್ತಾರೆ, ಮಕ್ಕಳಂದ್ರೆ ಪ್ರಾಣ. ಹಾಂ. ಪ್ರಾಣ, ಅಲ್ವಾ."

ಆ ಕೊನೆಯ ಮಾತಿಗೆ ಅರವತ್ತರ ಧ್ವನಿ ಜಾರಿ ಇಪ್ಪತ್ತಕ್ಕೆ ಬಿತ್ತು. ರಾಯ್ಸ್ಟನ್ ಕೆಮ್ಮಿ ಮುಚ್ಚಿಕೊಂಡ. ಠಾಣೆಯ ಕಿಟಕಿಯ ಹಿಂದೆ ಅವನ ಚಿಕ್ಕಮ್ಮ ಫ್ರೀಡಾ ಕಾಣುತ್ತಿದ್ದಳು. ಅವಳ ಪಕ್ಕ ಹದಿನೈದರ ಮಗಳು ಗ್ಲೆನಿಟಾ. ಕ್ಲಿಫರ್ಡ್ ತನ್ನ ಕಾರಿನಲ್ಲಿ ಏನು ಮಾಡಿದನೆಂದು ಗ್ಲೆನಿಟಾ ಮಹಿಳಾ ಅಧಿಕಾರಿಗೆ ಹೇಳುತ್ತಿದ್ದಳು. ಹೇಳಿಕೆ ಮುಗಿದ ಮೇಲೆಯೇ ಪೊಲೀಸರು ಹೊರಡುವುದು. ಅಷ್ಟು ಹೊತ್ತು ವ್ಯಾನು ಕಾಯುವುದಿಲ್ಲ.

"ಒಂದು ಸಣ್ಣ ಪ್ರಶ್ನೆ ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮ ಮಗಳು ಪ್ರಾರ್ಥನಾನೂ ಕ್ಯಾಂಪಿಗೆ ಹೊರಟಿದಾಳಲ್ವಾ?"

……

"ಜ್ವರಾನಾ? ಅಯ್ಯೋ ಪಾಪ. ಯಾವಾಗಿಂದ?... ಬೆಳಿಗ್ಗೆಯಿಂದ. ಮತ್ತೆ, ಕ್ಲಿಫರ್ಡ್ ಹತ್ರ ಗಿಟಾರ್ ಕಲೀತಿದ್ಲಂತೆ?... ಬಿಡಿಸಿಬಿಟ್ರಾ? ಯಾಕೆ?... ಬೆರಳು ನೋವು. ಆಹಾ! ಏನ್ ಕಾಯಿಲೆ ಸಾರ್ ಇದು, ಕ್ಲಿಫರ್ಡ್ ಹತ್ರ ಬಂದಾಗ ಮಾತ್ರ ಬರುತ್ತೆ, ದೂರ ಹೋದ ತಕ್ಷಣ ವಾಸಿ!"

……

"ಇಲ್ಲ ಇಲ್ಲ, ಕುಹಕ ಅಲ್ಲ ಸಾರ್. ಬರೀ ಡೇಟ್ ಕೇಳ್ತಿದೀನಿ. ಗಿಟಾರ್ ಬಿಡಿಸಿದ್ದು ಯಾವತ್ತು? ಗ್ಲೆನಿಟಾ ಬಾಯಿ ಬಿಟ್ಟ ಮಾರನೇ ದಿನಾನೇ ಅಲ್ವಾ?"

……

"ಹಲೋ? ಉಸಿರಾಡ್ತಿದೀರಾ?"

……

"ನಾನ್ಯಾರಾ? ಇರಿ, ಮೇಕಪ್ ಅಳಿಸ್ತೀನಿ. ರಾಯ್ಸ್ಟನ್. ಹಾಂ, ಅದೇ ಜೋಕರ್. ನಿಮ್ಮ ಕೂಟದ ಕಾಮಿಡಿ ಪೀಸು. ಏನ್ ಮಾಡೋದು ಅಂಕಲ್, ಹೀರೋಗಳೆಲ್ಲ ನಿಮ್ಮನೇ ಸೋಫಾದಲ್ಲಿ ಕೂತು ಕಾಫಿ ಕುಡೀತಿದ್ರು. ಅದಕ್ಕೇ ಫೈಟಿಂಗ್ ಸೀನು ಕಾಮಿಡಿಯನ್ ತಲೆಗೆ ಬಿತ್ತು."

……

"ಇಡಬೇಡಿ! ಇಟ್ರೆ ಈ ಕಾಲ್ ರೆಕಾರ್ಡಿಂಗು ಬಿಷಪ್ಪರ ಆಫೀಸಿಗೆ ಹೋಗುತ್ತೆ. ಕೂಟದ ಗ್ರೂಪಿಗೂ ಹೋಗುತ್ತೆ. ಚಿನ್ನ, ಪ್ರಾಣ, ಬೆರಳು ನೋವು, ಎಲ್ಲಾನೂ... ಹಾಂ. ಹಾಗೆ ಬನ್ನಿ ದಾರಿಗೆ."

……

"ವಿಚಾರಣೆ ಮಾಡಿದ್ವಿ ಅಂತೀರಾ? ಅದು ವಿಚಾರಣೆನಾ? ಫ್ರೀಡಾ ಚಿಕ್ಕಮ್ಮನ್ನ ಹೊರಗೆ ನಿಲ್ಲಿಸಿದ್ರಿ. ಗಂಡಸರೆಲ್ಲ ಗ್ಲೆನಿಟಾ ಸುತ್ತ ಕೂತ್ರಿ, ಕಾಲ್ ಮೇಲೆ ಕಾಲ್ ಹಾಕ್ಕೊಂಡು. ಆಮೇಲೆ ಏನಂದ್ರಿ? ನಮ್ಮ ಕೂಟದಲ್ಲಿ ಸಾಕ್ಷಿ ಹೇಳೋದು ಕನ್ನಡದಲ್ಲೇ, ಅದು ನಮ್ಮ ನಿಯಮ, ಕನ್ನಡದಲ್ಲಿ ಹೇಳಮ್ಮಾ, ಅಂದ್ರಿ."

……

"ಹೌದು, ನಿಯಮ ನಿಯಮಾನೇ. ಏನ್ ನಿಯಮ ಅಂಕಲ್! ಈ ಊರಲ್ಲೇ ಹುಟ್ಟಿದ ಹುಡುಗಿ. ಅವಳಿಗೆ ಬರೋ ಕನ್ನಡ ಏನು? ಊಟ ಆಯ್ತಾ, ಸಾರು ಹಾಕು, ಅಜ್ಜಿ ಹೇಗಿದೀರಾ. ಅವನು ಮಾಡಿದ್ದಕ್ಕೆ ಯಾವ ಕನ್ನಡ ಪದ ಹುಡುಕ್ಬೇಕು ಅವಳು? ಯಾರ ಮನೇಲಿ ಕಲಿಸಿದಾರೆ? ಇಂಗ್ಲಿಷಲ್ಲಿ ಶುರು ಮಾಡಿದ್ಲು, ನೀವು ಕೈ ಎತ್ತಿ ನಿಲ್ಲಿಸಿದ್ರಿ. ಸುಮ್ಮನಾದ್ಲು. ಹುಡುಗಿ ಏನೂ ಹೇಳಲಿಲ್ಲ, ಹಾಗಾಗಿ ಏನೂ ಆಗಿಲ್ಲ, ಪ್ಯಾಕಪ್! ಕನ್ನಡ ಉಳಿಸಿಬಿಟ್ರಿ ಅಂಕಲ್. ರಾಜ್ಯೋತ್ಸವಕ್ಕೆ ಶಾಲು ಹೊದಿಸೋಣ ನಿಮಗೆ."

……

"ಬಂತು ನೋಡಿ ಡೈಲಾಗು, ಕ್ಷಮೆ! ಕ್ಲಿಫರ್ಡ್ ಅತ್ತ, ಮಂಡಿಯೂರಿದ, ನೀವು ಕ್ಷಮಿಸಿದ್ರಿ. ಏನೂ ಆಗಿಲ್ಲ ಅಂದ್ಮೇಲೆ ಕ್ಷಮಿಸಿದ್ದು ಯಾವುದಕ್ಕೆ? ಹೇಳಿ, ಯಾವುದಕ್ಕೆ? ಗಾಯ ಅವಳದ್ದು, ಮುಲಾಮು ಅವನ ಮಂಡಿಗಾ?... ಸರಿ, ದೇವರು ಕ್ಷಮಿಸಿರಬಹುದು, ಅದು ದೇವರ ಡಿಪಾರ್ಟ್‌ಮೆಂಟು. ಆದ್ರೆ ಅತ್ತೋನ ಕೈಗೆಲ್ಲ ವ್ಯಾನಿನ ಕೀ ಕೊಡಿ ಅಂತ ಯಾವ ದೇವರು ಹೇಳಿದಾನೆ? ಕಾಣಿಕೆ ಡಬ್ಬಿಗೆ ಎರಡು ಬೀಗ ಹಾಕ್ತೀರಿ, ಎರಡೂ ಕೀ ಒಬ್ಬನ ಹತ್ರ ಇರಬಾರ್ದು ಅಂತೀರಿ. ಚಿಲ್ಲರೆಗಿರೋ ಕಾವಲು ಹುಡುಗೀರಿಗಿಲ್ಲ."

……

"ನನಗೆ ಬುದ್ಧಿ ಹೇಳ್ತೀರಾ? ಹೇಳಿ ಹೇಳಿ. ಸಂಡೇ ಸ್ಕೂಲಲ್ಲಿ ಪಾಠ ಮಾಡಿದ್ದೂ ನೀವೇ ಅಲ್ವಾ. ದೊಡ್ಡೋರು ನಾನು ತಾನು ಅಂತ ಕಿತ್ತಾಡ್ತಿದ್ದಾಗ ಯೇಸು ಒಂದು ಮಗೂನ ಕರೆದು ಅವರ ಮಧ್ಯೆ ನಿಲ್ಲಿಸಿದ್ರು ಅಂತ. ನೀವೂ ಒಂದು ಮಗೂನ ಮಧ್ಯೆ ನಿಲ್ಲಿಸಿದ್ರಿ ಅಂಕಲ್. ಕಟಕಟೆಯಲ್ಲಿ."

……

"ಕೂಟದ ಮಾನಾನಾ? ಥೂ! ನಿಮ್ಮ ಮಾನ ಏಳು ಹುಡುಗೀರನ್ನ ಹಿಂದೆ ಕೂರಿಸ್ಕೊಂಡು ನೈವಾಶಾಕ್ಕೆ ಹೊರಟಿದೆ, ಸೀಟ್ ಬೆಲ್ಟ್ ಹಾಕ್ಕೊಂಡು."

……

"ಬೈಯಿರಿ. ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಅದಕ್ಕೂ ಮುಂಚೆ ಒಂದು ಫೋನ್ ಮಾಡಿ ಅಂಕಲ್. ಕ್ಲಿಫರ್ಡ್‌ಗೆ. ವ್ಯಾನ್ ನಿಲ್ಲಿಸು ಅನ್ನಿ, ಅಷ್ಟೇ. ನಾನು ಹೇಳಿದ್ರೆ ಆ ಹುಡುಗೀರ ಅಮ್ಮಂದಿರು ಯಾರೂ ನಂಬಲ್ಲ. ನಾನೇ ಮಾಡ್ಕೊಂಡಿದ್ದು, ಒಪ್ತೀನಿ. ನೀವು ಹೇಳಿದ್ರೆ ನಂಬ್ತಾರೆ. ಪ್ಲೀಸ್ ಅಂಕಲ್."

……

"ಆಗಲ್ವಾ? ಈಗ ನಿಲ್ಲಿಸಿದ್ರೆ ಜನ ಏನಂತಾರೆ ಅಂತಾನಾ? ಹಾಗಾದ್ರೆ ಪ್ರಾರ್ಥನಾಳನ್ನೂ ಕಳಿಸಿ. ಅಪ್ಪಟ ಚಿನ್ನ ಅಲ್ವಾ? ಕಳಿಸಿ ನೋಡೋಣ!... ಏನು? ಏನಂದ್ರಿ? ಇನ್ನೊಂದ್ಸಲ ಜೋರಾಗಿ ಹೇಳಿ. ನನ್ನ ಮಗಳನ್ನ ಅವನ ಜೊತೆ ಕಳಿಸೋಕೆ ನನಗೇನು ಹುಚ್ಚಾ, ಅಂದ್ರಾ?"

ಇಂಥ ಕಡೆ ರಾಯ್ಸ್ಟನ್ ಕೇಕೆ ಹಾಕಬೇಕಿತ್ತು. ಹಾಕಲಿಲ್ಲ. ಆ ಕಡೆಯಿಂದ ಇನ್ನೊಂದು ಧ್ವನಿ ಕೇಳಿಸಿತ್ತು, ಹುಡುಗಿಯ ಧ್ವನಿ, ಇಂಗ್ಲಿಷಿನಲ್ಲಿ.

"ಹಿಂದೆ ಯಾರದು?... ಪ್ರಾರ್ಥನಾನಾ? ಏನ್ ಕೇಳ್ತಿದಾಳೆ ಅಂಕಲ್? ನನಗೆಲ್ಲಿದೆ ಜ್ವರ ಅಂತಾನಾ? ಉತ್ತರ ಹೇಳಿ. ನನಗಲ್ಲ, ಅವಳಿಗೆ ಹೇಳಿ."

……

"ಹಲೋ? ಅಂಕಲ್? ಏನದು ಸದ್ದು?... ಪ್ರಾರ್ಥನಾ? ಫೋನ್ ನಿನ್ನ ಕೈಲಿದೆಯಾ?... ಹಾಂ, ನಾನೇ. ಇಲ್ಲ ಕಣೇ, ಪ್ರಾಂಕ್ ಅಲ್ಲ. ಇದೊಂದು ಪ್ರಾಂಕ್ ಅಲ್ಲ. ಗ್ಲೆನಿಟಾ ಹೇಳಿದ್ದೆಲ್ಲ ನಿಜ. ಈಗ ಪೊಲೀಸರ ಮುಂದೆ ಕೂತಿದಾಳೆ."

……

"ನಿನಗೂ ಮೆಸೇಜ್ ಮಾಡ್ತಿದ್ನಾ? ಯಾವಾಗ?... ಅಪ್ಪನಿಗೆ ತೋರಿಸಿದ್ಯಾ? ತೋರಿಸಿದ ಮೇಲೆ ಗಿಟಾರ್ ಬಿಡಿಸಿದ್ರಾ?... ಇರು, ಇರು. ಇದು ಗ್ಲೆನಿಟಾದು ಆಗೋಕೂ ಮೊದಲಾ? ಅದಕ್ಕೂ ಮೊದಲೇ ಅವರಿಗೆ ಗೊತ್ತಿತ್ತಾ?"

……

"ಅಳಬೇಡ. ನಿನ್ನ ತಪ್ಪಲ್ಲ, ನೀನು ಹೇಳಿದ್ಯಲ್ಲ, ದೊಡ್ಡೋರಿಗೆ ಹೇಳಿದ್ಯಲ್ಲ. ಕೇಳಿಲ್ಲಿ. ವ್ಯಾನಲ್ಲಿರೋ ಹುಡುಗೀರ ನಂಬರು ನಿನ್ನ ಹತ್ರ ಇದೆಯಾ?... ಎಲ್ಲರದ್ದೂ? ಹಾಗಾದ್ರೆ ಈಗಲೇ ಅವರಿಗೆ... ಅಂಕಲ್, ಫೋನ್ ಕಿತ್ಕೋಬೇಡಿ! ಪ್ರಾರ್ಥನಾ? ಹಲೋ? ಹಲೋ?"

ಕಟ್.

ಈಗ ನಿಜ ಹೇಳಿಬಿಡಬೇಕು. ರೆಕಾರ್ಡಿಂಗ್ ಇರಲೇ ಇಲ್ಲ; ಚಹಾದವಳ ಹಳೇ ಫೋನಿನಲ್ಲಿ ಅಂಥ ಸೌಕರ್ಯವಿಲ್ಲ. ಹಿರಿಯರು ಬೆವರಿದರೋ ಇಲ್ಲವೋ ಯಾರು ಕಂಡರು. ರಾಯ್ಸ್ಟನ್ ವ್ಯಾನನ್ನು ತಡೆಯಲೂ ಇಲ್ಲ. ಅವನು ಡೈಲಾಗು ಹೊಡೆಯುತ್ತಿದ್ದಾಗಲೇ ಅದು ನ್ಗಾರಾ ಬಿಟ್ಟಾಗಿತ್ತು. ವೆಸ್ಟ್‌ಲ್ಯಾಂಡ್ಸಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಹಿಂದಿನ ಸೀಟಿನಲ್ಲಿ ಒಂದು ಫೋನು ಗುಂಯ್‌ಗುಟ್ಟಿತು, ಆಮೇಲೆ ಇನ್ನೊಂದು, ಆಮೇಲೆ ಎಲ್ಲವೂ. ಕ್ಲಿಫರ್ಡ್ ತನಗೆ ಬರೆದಿದ್ದ ಮಾತುಗಳನ್ನು ಪ್ರಾರ್ಥನಾ ತನ್ನ ಕೋಣೆಯ ಬಾಗಿಲಿಗೆ ಚಿಲಕ ಹಾಕಿಕೊಂಡು, ತನ್ನ ಫೋನಿನಿಂದ ಗೆಳತಿಯರಿಗೆಲ್ಲ ಕಳಿಸಿದ್ದಳು. ಕೆಳಗೆ ಒಂದೇ ಸಾಲು: ಇಳಿಯಿರಿ.

ಯಾರೂ ಕಿರುಚಲಿಲ್ಲ. ಕ್ಲಿಫರ್ಡ್ ಹಾಡು ಹೇಳಿಕೊಡುತ್ತಲೇ ಇದ್ದ. ಹಿಂದೆ ಕೋರಸ್ ನಿಂತಿದ್ದು ಅವನ ಗಮನಕ್ಕೆ ಬರುವಷ್ಟರಲ್ಲಿ ಬಾಗಿಲು ಸರಿದು, ಏಳು ಹುಡುಗಿಯರು ಬ್ಯಾಗುಗಳ ಸಮೇತ ಕಾರುಗಳ ನಡುವೆ ನಡೆಯುತ್ತಾ, ಒಬ್ಬರ ಕೈ ಒಬ್ಬರು ಹಿಡಿದು, ಎದುರಿಗೆ ಬಂದ ಮಟಾಟು ಮಿನಿಬಸ್ಸು ಹತ್ತಿಬಿಟ್ಟಿದ್ದರು.

ರಾಯ್ಸ್ಟನ್‌ಗೆ ಇದ್ಯಾವುದೂ ಗೊತ್ತಿರಲಿಲ್ಲ. ಠಾಣೆಯ ಗೇಟಿನ ಬಳಿ, ಸತ್ತ ಫೋನು ಕಿವಿಗೊತ್ತಿಕೊಂಡು, ತನ್ನದೇ ಧ್ವನಿಯಲ್ಲಿ, ಅವನಿನ್ನೂ ಹಲೋ ಹಲೋ ಎನ್ನುತ್ತಿದ್ದ.